ಹಳೆಯ ನಾಟಕ ಕಂಪನಿ ನಟರ ರುಜು ಇರುವ ಫೋಟೊ: ಹುಡುಕುವುದು, ಪರೀಕ್ಷಿಸುವುದು, ಕಾಪಾಡುವುದು

ರುಜು ನೋಡಿ ಫೋಟೊ ಕೊಳ್ಳಬೇಡಿ. ಮೊದಲು ಕಾಗದ ನೋಡಿ, ಆಮೇಲೆ ಶಾಯಿ ನೋಡಿ, ಕಟ್ಟಕಡೆಗೆ ರುಜು ನೋಡಿ. ಹಳೆಯ ನಾಟಕ ಕಂಪನಿಗಳ ನಟನಟಿಯರ ಸಹಿ ಇರುವ ಫೋಟೊ ಕೂಡಿಸಲು ಹೊರಟವರಿಗೆ ನಾನು ಹೇಳುವುದು ಇಷ್ಟೇ, ಮುಂದಿನದೆಲ್ಲ ಅದರ ವಿವರ. ಸಹಿಯನ್ನು ಯಾರು ಬೇಕಾದರೂ ವಾರಗಟ್ಟಲೆ ಕೂತು ತಿದ್ದಿ ಕಲಿಯಬಹುದು. ಎಂಬತ್ತು ವರ್ಷ ಹಳೆಯ ಫೋಟೊ ಕಾಗದವನ್ನು ಇವತ್ತು ಹುಟ್ಟಿಸುವುದು ಕಷ್ಟ, ಅದರ ಮೇಲೆ ಎಂಬತ್ತು ವರ್ಷ ಕೂತು ಹಳತಾದ ಶಾಯಿಯನ್ನು ಹುಟ್ಟಿಸುವುದು ಇನ್ನೂ ಕಷ್ಟ. ಆದರೂ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಸಹಿಯ ಮೇಲೇ. 'ವೀರಣ್ಣ' ಅಂತ ಓದಿದ ಕೂಡಲೇ ಕೈ ಜೇಬಿಗೆ ಹೋಗುತ್ತದೆ. ಮಾರುವವನಿಗೂ ಇದು ಚೆನ್ನಾಗಿ ಗೊತ್ತು.

ಯಾರನ್ನು ಕೂಡಿಸುತ್ತೀರಿ

ಶುರುವಿಗೇ ಒಂದು ಮಿತಿ ಹಾಕಿಕೊಳ್ಳಿ. ಮುಂದೆ ವೀರಣ್ಣನವರ ಹೆಸರಿನಿಂದಲೇ ಗುರುತಾದ ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಮೈಸೂರಿನ ಕಡೆ ಅರಮನೆಯ ಆಶ್ರಯದ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆ, ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ, ಮಹಮದ್ ಪೀರರ ಚಂದ್ರಕಲಾ, ಸುಬ್ಬಯ್ಯನಾಯ್ಡು ಮತ್ತು ಆರ್. ನಾಗೇಂದ್ರರಾಯರ ಸಾಹಿತ್ಯ ಸಾಮ್ರಾಜ್ಯ, 1942ರಲ್ಲಿ ಶುರುವಾದ ಹಿರಣ್ಣಯ್ಯ ಮಿತ್ರ ಮಂಡಳಿ. ಉತ್ತರಕ್ಕೆ ಹೋದರೆ ಶಿರಹಟ್ಟಿ ವೆಂಕೋಬರಾಯರು, ಗದುಗಿನ ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು, ಏಣಗಿ ಬಾಳಪ್ಪನವರು. ಅದಕ್ಕೆ ಅಂಟಿಕೊಂಡೇ ಮರಾಠಿ ಸಂಗೀತ ನಾಟಕ ಬರುತ್ತದೆ. ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು, ಕೇಶವರಾವ್ ಭೋಸಲೆಯವರ ಲಲಿತಕಲಾದರ್ಶ 1908ರಲ್ಲಿ ಶುರುವಾದದ್ದು ಹುಬ್ಬಳ್ಳಿಯಲ್ಲಿ. ಧಾರವಾಡದ ಹಳೆಯ ಮನೆಗಳಲ್ಲಿ ಸ್ತ್ರೀವೇಷದ ಬಾಲಗಂಧರ್ವರ ಫೋಟೊ ಸಿಕ್ಕರೆ ಅಚ್ಚರಿಪಡಬೇಕಿಲ್ಲ. ಕಂಪನಿಯ ಹೊರಗಿನ ವಿಲಾಸಿ (ಹವ್ಯಾಸಿ) ನಟರ ಪೈಕಿ ಕೈಲಾಸಂ ಮತ್ತು ಬಳ್ಳಾರಿ ರಾಘವ ಇದ್ದಾರೆ.

ಇಷ್ಟನ್ನೂ ಒಬ್ಬರೇ ಕೂಡಿಸುತ್ತೇನೆ ಅಂದರೆ ಯಾವುದೂ ಕೈಗೆ ಹತ್ತುವುದಿಲ್ಲ. ಒಂದು ಕಂಪನಿ ಹಿಡಿಯಿರಿ, ಇಲ್ಲವೇ ಒಂದು ಪ್ರದೇಶ. ಸ್ತ್ರೀಪಾರ್ಟು ಮಾಡುತ್ತಿದ್ದ ಗಂಡಸರ ಫೋಟೊಗಳನ್ನಷ್ಟೇ ಕೂಡಿಸುವವರೂ ಇದ್ದಾರೆ, ಅದು ಚಂದದ ಮಿತಿ. ನನ್ನ ಮತ ಒಂದು ಕಂಪನಿಯ ಪರ. ಒಂದೇ ಕಂಪನಿಯ ಮೇಲೆ ಕಣ್ಣಿಟ್ಟರೆ ಕೆಲವೇ ದಿನಗಳಲ್ಲಿ ಅದರ ಪಡದೆಗಳು, ಕಿರೀಟಗಳು, ಕುರ್ಚಿಗಳು ಗುರುತಾಗುತ್ತವೆ. ಒಂದೇ ಕಿರೀಟ ಇಬ್ಬರು ರಾಜಪಾರ್ಟಿನವರ ತಲೆಯ ಮೇಲೆ ಕಂಡಾಗ, ಹೆಸರಿಲ್ಲದ ಫೋಟೊ ಯಾವ ಕಂಪನಿಯದು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಲಂಡನ್ನಿನಲ್ಲಿ ಹೆನ್ರಿ ಅರ್ವಿಂಗ್, ಎಲೆನ್ ಟೆರಿ ಮುಂತಾದ ನಟನಟಿಯರ ಕ್ಯಾಬಿನೆಟ್ (ದಪ್ಪ ರಟ್ಟಿಗೆ ಅಂಟಿಸಿದ) ಫೋಟೊಗಳು ಅಂಗಡಿಯಲ್ಲಿ ಮಾರಾಟವಾಗುತ್ತಿದ್ದವು. ಅಭಿಮಾನಿಗಳು ಕೊಂಡು, ಸಹಿಗಾಗಿ ಕಳಿಸುತ್ತಿದ್ದರು. ನಮ್ಮಲ್ಲಿ ಆ ಪ್ರಮಾಣದ ಹಸ್ತಾಕ್ಷರದ ವ್ಯಾಪಾರ ನಡೆಯಲಿಲ್ಲ. ಕಂಪನಿ ಒಂದೂರಿನಲ್ಲಿ ತಿಂಗಳುಗಟ್ಟಲೆ ಮೊಕ್ಕಾಂ ಹೂಡಿದಾಗ ಒತ್ತಾಸೆಯಾದ ಸಾಹುಕಾರರಿಗೆ, ವಕೀಲರಿಗೆ, ವೈದ್ಯರಿಗೆ, ನಾಟಕದ ಕಂಟ್ರಾಕ್ಟರಿಗೆ ನೆನಪಿಗೆಂದು ಕೊಟ್ಟ ಫೋಟೊಗಳೇ ನನ್ನ ಕಣ್ಣಿಗೆ ಹೆಚ್ಚು ಬಿದ್ದಿರುವುದು. ಆದ್ದರಿಂದ ನಿಜವಾದ ರುಜುವಿನ ಜತೆ ಯಾರಿಗೆ, ಎಲ್ಲಿ, ಯಾವಾಗ ಅನ್ನುವುದು ಒಂದೆರಡು ಸಾಲಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಬರಿಯ ಹೆಸರು ಮಾತ್ರ, ಅದೂ ಮುಖದ ಕೆಳಗೆ ಅಚ್ಚುಕಟ್ಟಾಗಿ, ದಪ್ಪವಾಗಿ ಇದ್ದರೆ ಎರಡು ಸಲ ಯೋಚಿಸಿ.

ಜತೆಯಲ್ಲಿ ಇರಬೇಕಾದದ್ದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. ನೇರಳಾತೀತ ಬೆಳಕಿನ ಸಣ್ಣ ಟಾರ್ಚ್, 365 ನ್ಯಾನೋಮೀಟರಿನದು. ಒಂದು ಅಡಿಪಟ್ಟಿ, ಮೆತ್ತನೆಯ 2ಬಿ ಪೆನ್ಸಿಲ್, ಬೆನ್ನಿಗೆ ರಟ್ಟು ಕೊಟ್ಟ ಒಂದು ಫೈಲು. ಇವೆಲ್ಲ ಒಂದು ಕೈಚೀಲದಲ್ಲಿ ಹಿಡಿಯುತ್ತವೆ, ದುಬಾರಿಯೂ ಅಲ್ಲ. ಮೊಬೈಲಿನ ಟಾರ್ಚ್ ಹೇಗೂ ಇದ್ದೇ ಇರುತ್ತದೆ, ಅದರ ಉಪಯೋಗ ಮುಂದೆ ಹೇಳುತ್ತೇನೆ.

ಕಾಗದ

ಫೋಟೊ ಕೈಗೆ ಬಂದಾಗ ಮೊದಲು ಭೂತಗನ್ನಡಿಯಲ್ಲಿ ಮುಖದ ಭಾಗ ನೋಡಿ. ಸಣ್ಣ ಸಣ್ಣ ಚುಕ್ಕಿಗಳ ಸಾಲು ಕಂಡರೆ ಅದು ಫೋಟೊ ಅಲ್ಲ, ಬ್ಲಾಕಿನಿಂದ ಅಚ್ಚಾದ ಚಿತ್ರ. ನಾಟಕದ ಹಾಡಿನ ಪುಸ್ತಕ, ಸ್ಮರಣ ಸಂಚಿಕೆ, ವಾರಪತ್ರಿಕೆಗಳಿಂದ ಕತ್ತರಿಸಿ ರಟ್ಟಿಗೆ ಅಂಟಿಸಿದವು ಬಹಳ ಓಡಾಡುತ್ತವೆ. ಅದಕ್ಕೂ ಬೆಲೆ ಇಲ್ಲವೆಂದಲ್ಲ, ಆದರೆ ಫೋಟೊದ ಬೆಲೆ ಕೊಡಬೇಡಿ. ನಿಜವಾದ ಫೋಟೊದಲ್ಲಿ ಬಣ್ಣ ಎಡೆಬಿಡದೆ ಒಂದರೊಳಗೊಂದು ಕರಗಿರುತ್ತದೆ.

ಆಮೇಲೆ ಅಳತೆ. ದಪ್ಪ ರಟ್ಟಿಗೆ ಅಂಟಿಸಿದ ಸುಮಾರು ಎರಡೂವರೆಗೆ ನಾಲ್ಕು ಇಂಚಿನದು ಕಾರ್ಟ್ ದ ವಿಸಿಟ್. ನಾಲ್ಕೂಕಾಲಿಗೆ ಆರೂವರೆ ಇಂಚಿನದು ಕ್ಯಾಬಿನೆಟ್ ಕಾರ್ಡ್. ಮೂರೂವರೆಗೆ ಐದೂವರೆ ಇಂಚಿನದು ಪೋಸ್ಟ್‌ಕಾರ್ಡ್. ಹತ್ತೊಂಬತ್ತನೆಯ ಶತಮಾನದ ಮುದ್ರಣ ಬಹುಪಾಲು ಮೊಟ್ಟೆಯ ಬಿಳಿಲೋಳೆ ಹಚ್ಚಿದ ಆಲ್ಬುಮೆನ್ ಕಾಗದದ್ದು. ತೆಳ್ಳಗಿರುತ್ತದೆ, ಕಂದು ಬಣ್ಣಕ್ಕಿರುತ್ತದೆ, ಬೆಳಕಿನ ಜಾಗಗಳು ಹಳದಿಗೆ ತಿರುಗಿರುತ್ತವೆ. ಇಪ್ಪತ್ತನೆಯ ಶತಮಾನ ಬಂದ ಮೇಲೆ ಜೆಲಟಿನ್ ಲೇಪದ ಬೆಳ್ಳಿ ಕಾಗದದ್ದೇ ರಾಜ್ಯ. ಇದಕ್ಕೆ ವಯಸ್ಸಾದಾಗ ಒಂದು ಲಕ್ಷಣ ಮೂಡುತ್ತದೆ. ಫೋಟೊವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಂಚಿನ ಕಪ್ಪು ಭಾಗಗಳಲ್ಲಿ ನೀಲಿ ಮಿಶ್ರಿತ ಲೋಹದ ಹೊಳಪು ಕಾಣುತ್ತದೆ. ಲೇಪದೊಳಗಿನ ಬೆಳ್ಳಿ ಗಾಳಿಗೆ, ತೇವಕ್ಕೆ ಮೇಲೆದ್ದು ಬಂದದ್ದು ಅದು. ವಯಸ್ಸಿನ ಪುರಾವೆಗಳಲ್ಲಿ ನನಗೆ ಇದು ಬಹಳ ಇಷ್ಟ, ಯಾಕೆಂದರೆ ಟೀ ನೀರಿನಲ್ಲಿ ಅದ್ದಿ ಹಳತು ಮಾಡುವವರಿಗೆ ಈ ಹೊಳಪು ಬರಿಸಲು ಆಗುವುದಿಲ್ಲ.

ಈಗ ಕೋಣೆಯ ದೀಪ ಆರಿಸಿ ನೇರಳಾತೀತ ಟಾರ್ಚ್ ಬಿಡಿ. ಕಾಗದ ಬೆಳ್ಳಗೆ, ನೀಲಿಯಾಗಿ ಜಗ್ಗನೆ ಹೊಳೆದರೆ ಅದರಲ್ಲಿ ಹೊಳಪುಕಾರಕ ರಾಸಾಯನಿಕ ಇದೆ ಎಂದರ್ಥ. ಫೋಟೊ ಕಾಗದಕ್ಕೆ ಅದನ್ನು ಸೇರಿಸತೊಡಗಿದ್ದು 1950ರ ದಶಕದಲ್ಲಿ. ವರದಾಚಾರ್ಯರು ತೀರಿಕೊಂಡದ್ದು 1926ರಲ್ಲಿ. ಅವರ ಸಹಿ ಇದೆ ಎನ್ನುವ ಕಾಗದ ಹೊಳೆದರೆ ಮುಂದಿನ ಪರೀಕ್ಷೆ ಬೇಕಿಲ್ಲ, ನಮಸ್ಕಾರ ಹೇಳಿ ಎದ್ದು ಬನ್ನಿ. ಹೊಳೆಯದಿದ್ದರೆ ಮಾತ್ರ ಅಸಲಿ ಅಂತ ತೀರ್ಮಾನಿಸಬೇಡಿ. ಹೊಳೆಯದ ಕಾಗದ ಆಮೇಲೂ ಬಂದಿದೆ.

ಬೆನ್ನು ತಿರುಗಿಸಿ. ಮುಂಭಾಗ ನೋಡುವುದಕ್ಕಿಂತ ಎರಡರಷ್ಟು ಹೊತ್ತು ಬೆನ್ನು ನೋಡಿ. 'ಆಗ್ಫಾ-ಗೆವರ್ಟ್' ಎಂದು ಜೋಡಿ ಹೆಸರಿದ್ದರೆ 1964ರ ನಂತರದ್ದು, ಎರಡು ಕಂಪನಿಗಳೂ ಒಂದಾದದ್ದು ಆ ವರ್ಷ. 'ಇಂದು' ಅಂತಿದ್ದರೆ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ಕಾಗದ, ಅದು 1960ರ ದಶಕದ ಕೊನೆಗೆ ಬಂದ ಸರಕು. ಕಾಗದ ಪ್ಲಾಸ್ಟಿಕ್ಕಿನಂತೆ ನುಣುಪಾಗಿ, ಪೆನ್ಸಿಲ್ ಹತ್ತದೆ ಜಾರಿದರೆ ಸುಮಾರು 1970ರಿಂದೀಚೆಗಿನದು. ಸ್ಟುಡಿಯೊದ ರಬ್ಬರ್ ಮೊಹರು ಓದಿ. ಆರು ಅಂಕಿಯ ಪಿನ್‌ಕೋಡ್ ಇದ್ದರೆ ಆ ಮೊಹರು 1972ರ ಆಗಸ್ಟಿಗಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. 'ಬೆಂಗಳೂರು-2' ಅಂತ ಒಂದೆರಡು ಅಂಕಿ ಮಾತ್ರ ಇದ್ದರೆ ಅದಕ್ಕೂ ಹಿಂದಿನದಿರಬಹುದು. 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂದು ವಿಳಾಸವಿದ್ದರೆ ಬೆಂಗಳೂರಿನ ದಂಡು ಮತ್ತು ಪೇಟೆ ಎರಡೂ 1949ರಲ್ಲಿ ಒಂದು ನಗರಸಭೆಗೆ ಸೇರುವ ಮೊದಲಿನ ಕಾಲದ್ದು. ಬಾರ್ಟನ್, ಜಿ.ಕೆ. ವೇಲ್, ವೆಲ್ಲಿಂಗ್ ಥರದ ಹೆಸರುವಾಸಿ ಸ್ಟುಡಿಯೊಗಳ ಗುರುತು ಇದ್ದರೆ ಒಳ್ಳೆಯದೇ. ಆದರೆ ನಾಟಕದವರು ಹೆಚ್ಚಾಗಿ ಮೊಕ್ಕಾಂ ಇದ್ದ ಊರಿನ ಸಣ್ಣ ಸ್ಟುಡಿಯೊಗೇ ಹೋದವರು, ಹಾಗಾಗಿ ಅಪರಿಚಿತ ಹೆಸರು ಕಂಡರೆ ಮೂಗು ಮುರಿಯಬೇಡಿ. ಆ ಹೆಸರನ್ನೂ ಊರನ್ನೂ ಬರೆದಿಟ್ಟುಕೊಳ್ಳಿ, ಕಂಪನಿಯ ಸಂಚಾರದ ದಾರಿ ಅದರಿಂದಲೇ ತಿಳಿಯುತ್ತದೆ.

ಹಳೆಯ ನೆಗೆಟಿವ್‌ನಿಂದ ಎಷ್ಟೋ ವರ್ಷಗಳ ಮೇಲೆ ತೆಗೆದ ಪ್ರತಿಗಳೂ ಬೇಕಾದಷ್ಟಿವೆ. 1930ರಲ್ಲಿ ತೆಗೆದ ಚಿತ್ರ, 1965ರಲ್ಲಿ ಮುದ್ರಿಸಿದ ಕಾಗದ. ಅದು ಮೋಸವೇನಲ್ಲ. ಆದರೆ ಅದರ ಮೇಲೆ '1931' ಅಂತ ತಾರೀಖು ಹಾಕಿ ಸಹಿ ಇದ್ದರೆ ಅದು ಖಂಡಿತ ಮೋಸ.

ಶಾಯಿ

ಇಲ್ಲಿ ಆತುರ ಬೇಡ. ಮೊದಲ ಪ್ರಶ್ನೆ: ಸಹಿ ಕಾಗದದ ಮೇಲೆ ಇದೆಯೋ, ಚಿತ್ರದ ಒಳಗೆ ಇದೆಯೋ? ಮೊಬೈಲ್ ಟಾರ್ಚನ್ನು ಫೋಟೊದ ಪಕ್ಕಕ್ಕೆ ಹಿಡಿದು, ಬೆಳಕು ಮೇಲ್ಮೈಯ ಉದ್ದಕ್ಕೂ ಸವರಿಕೊಂಡು ಹೋಗುವಂತೆ ಬಿಡಿ. ನಿಜವಾದ ಶಾಯಿಯ ಗೆರೆಯ ಹೊಳಪು ಸುತ್ತಲಿನ ಕಾಗದದ ಹೊಳಪಿಗಿಂತ ಬೇರೆ ಇರುತ್ತದೆ. ನಿಬ್ಬಿನ ಎರಡು ಕಾಲುಗಳು ಒತ್ತಿದ ಸಣ್ಣ ಗೀರುಗಳೂ ಒಮ್ಮೊಮ್ಮೆ ಕಾಣುತ್ತವೆ. ಗೆರೆ ಮತ್ತು ಕಾಗದ ಒಂದೇ ಹೊಳಪಿನಲ್ಲಿದ್ದರೆ, ಯಾರೋ ಸಹಿ ಮಾಡಿದ ಫೋಟೊವನ್ನು ಮತ್ತೆ ಫೋಟೊ ತೆಗೆದ ಪ್ರತಿ ಅದು. ಸಹಿ ಬಿಳಿಯ ಅಕ್ಷರದಲ್ಲಿದ್ದರೆ ಬಹುತೇಕ ನೆಗೆಟಿವ್ ಮೇಲೆ ಕಪ್ಪು ಶಾಯಿಯಲ್ಲಿ ಬರೆದದ್ದು, ಮುದ್ರಿಸಿದಾಗ ಬಿಳಿಯಾಗಿದೆ. ಬರೆದವರು ನಟರೂ ಆಗಿರಬಹುದು, ಸ್ಟುಡಿಯೊದ ತಿದ್ದುಗಾರನೂ ಆಗಿರಬಹುದು. ಯಾರೇ ಬರೆದಿರಲಿ, ಆ ನೆಗೆಟಿವ್‌ನ ಎಲ್ಲ ಪ್ರತಿಗಳ ಮೇಲೂ ಅದು ಇರುತ್ತದೆ. ಅದನ್ನು 'ರುಜು ಇರುವ ಫೋಟೊ' ಎಂದು ಎಣಿಸಬಾರದು.

ಎರಡನೆಯದು ಲೇಖನಿ. ಬಾಲ್‌ಪಾಯಿಂಟ್ ಪೆನ್ನು ನ್ಯೂಯಾರ್ಕಿನಲ್ಲಿ ದೊಡ್ಡ ಮಟ್ಟದಲ್ಲಿ ಮಾರಾಟಕ್ಕೆ ಬಂದದ್ದು 1945ರ ಅಕ್ಟೋಬರಿನಲ್ಲಿ, ನಮ್ಮೂರುಗಳ ಜೇಬಿಗೆ ಅದು ಇಳಿಯಲು ಇನ್ನೂ ವರ್ಷಗಳೇ ಹಿಡಿದವು. ಕೈಲಾಸಂ, ಬಳ್ಳಾರಿ ರಾಘವ ಇಬ್ಬರೂ ಹೋದದ್ದು 1946ರಲ್ಲಿ. ಅವರ ಹೆಸರಿನ ಬಾಲ್‌ಪೆನ್ ಸಹಿ ಕಂಡರೆ ನಕ್ಕು ವಾಪಸು ಕೊಡಿ. ಕೇಶವರಾವ್ ಭೋಸಲೆ 1921ಕ್ಕೇ ತೀರಿಕೊಂಡವರು, ಅಲ್ಲಂತೂ ಮಾತೇ ಇಲ್ಲ. ಮಾರ್ಕರ್ ಬಂದದ್ದು 1950ರ ದಶಕದಲ್ಲಿ, ಸ್ಕೆಚ್ ಪೆನ್ 1960ರ ದಶಕದಲ್ಲಿ. ಆದರೆ ಗುಬ್ಬಿ ವೀರಣ್ಣನವರು 1972ರವರೆಗೆ, ಅದೇ ಕಂಪನಿಯ ನಟಿ ಬಿ. ಜಯಮ್ಮನವರು 1988ರವರೆಗೆ, ಏಣಗಿ ಬಾಳಪ್ಪನವರು 2017ರವರೆಗೆ ಬಾಳಿದರು. ಅವರ ಮೂವತ್ತರ ದಶಕದ ಫೋಟೊದ ಮೇಲೆ ಬಾಲ್‌ಪೆನ್ ರುಜು ಇದ್ದರೆ ಅದು ಅಸಲಿಯೇ ಇರಬಹುದು, ಅಭಿಮಾನಿ ಯಾರೋ ಹಳೆಯ ಫೋಟೊ ತಂದು ಇಳಿವಯಸ್ಸಿನಲ್ಲಿ ಹಾಕಿಸಿಕೊಂಡದ್ದು. ಇಂಥದ್ದಕ್ಕೆ ಆ ಕಾಲದಲ್ಲೇ ಹಾಕಿದ ರುಜುವಿಗಿಂತ ಬೆಲೆ ಕಡಿಮೆ ಇರಬೇಕು. ಮಾರುವವರು ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ, ನೀವು ಹಾಕಬೇಡಿ.

ಮೂರನೆಯದೇ ನನ್ನ ನೆಚ್ಚಿನ ಪರೀಕ್ಷೆ. ಹಳೆಯ ಫೋಟೊದ ಲೇಪ ಒಣಗಿ ಬಿರಿದಿರುತ್ತದೆ, ಮಡಿಸಿದ ಕಡೆ ಸೀಳಿರುತ್ತದೆ. ಸಹಿಯ ಗೆರೆ ಅಂಥ ಒಂದು ಬಿರುಕನ್ನು ದಾಟುವ ಜಾಗ ಹುಡುಕಿ, ಅಲ್ಲಿಗೆ ಭೂತಗನ್ನಡಿ ಇಡಿ. ಮೊದಲು ಸಹಿ, ಆಮೇಲೆ ಬಿರುಕು ಆಗಿದ್ದರೆ ಗೆರೆ ಬಿರುಕಿನ ಎರಡು ದಡದಲ್ಲೂ ಚೊಕ್ಕವಾಗಿ ತುಂಡಾಗಿ, ನಡುವೆ ಕಾಗದದ ಬಿಳಿ ನಾರು ಕಾಣುತ್ತದೆ. ಮೊದಲು ಬಿರುಕು, ಆಮೇಲೆ ಸಹಿ ಆಗಿದ್ದರೆ ಶಾಯಿ ಬಿರುಕಿನೊಳಕ್ಕೆ ಇಳಿದು, ಆ ನಾರು ಅದನ್ನು ಹೀರಿ, ಬಿರುಕಿನುದ್ದಕ್ಕೂ ಸಣ್ಣ ಮೀಸೆಯಂತೆ ಹರಡಿರುತ್ತದೆ. ಲೇಪ ಒಣಗಿ ಬಿರಿಯಲು ದಶಕಗಳೇ ಬೇಕು. ಸೀಳಿದ ಮೇಲೆ ಇಳಿದ ಶಾಯಿ ಎಂದರೆ ಆ ಸಹಿ ಫೋಟೊದಷ್ಟು ಹಳತಲ್ಲ. ಮೇಲೆ ಹೇಳಿದ ಬೆಳ್ಳಿಯ ಹೊಳಪಿಗೂ ಇದನ್ನೇ ಕೇಳಿ. ಹೊಳಪಿನ ಮೇಲೆ ಗೆರೆ ಕೂತಿದೆಯೋ, ಗೆರೆ ಇದ್ದ ಜಾಗ ಬಿಟ್ಟು ಸುತ್ತ ಹೊಳಪು ಬಂದಿದೆಯೋ?

ಕಬ್ಬಿಣದ ಅಂಶವಿದ್ದ ಹಳೆಯ ನೀಲಿ-ಕಪ್ಪು ಶಾಯಿ ಕಾಲ ಕಳೆದಂತೆ ಕಂದಿಗೆ ತಿರುಗುತ್ತದೆ. ಹಾಗಂತ ಕಂದು ಬಣ್ಣ ಕಂಡ ಕೂಡಲೇ ನಂಬಬೇಕಿಲ್ಲ, ಕಂದು ಶಾಯಿ ಅಂಗಡಿಯಲ್ಲಿ ಸಿಗುತ್ತದೆ. ವಯಸ್ಸಾದ ಶಾಯಿಯಲ್ಲಿ ಬಣ್ಣ ಒಂದೇ ಸಮ ಇರುವುದಿಲ್ಲ. ಒತ್ತಿ ಬರೆದ ಕಡೆ ಇನ್ನೂ ಕಪ್ಪು, ತೇಲಿಸಿದ ಕಡೆ ಕಂದು.

ರುಜು

ಇಲ್ಲಿಗೆ ಬರುವಷ್ಟರಲ್ಲಿ ಅರ್ಧಕ್ಕರ್ಧ ಸರಕು ಉದುರಿರುತ್ತದೆ. ಉಳಿದವಕ್ಕೆ ಹೋಲಿಕೆಯ ಮಾದರಿ ಬೇಕು. ಅದನ್ನು ಇನ್ನೊಂದು ಮಾರಾಟದ ಫೋಟೊದಿಂದ ತೆಗೆದುಕೊಳ್ಳಬೇಡಿ, ಎರಡೂ ಒಬ್ಬನೇ ಮಾಡಿದ್ದಾಗಿರಬಹುದು. ಪತ್ರಗಳು, ಸಂಬಳದ ಕರಾರು, ಥಿಯೇಟರ್ ಬಾಡಿಗೆಯ ರಸೀದಿ, ಕೋರ್ಟು ಕಾಗದ ಇವೇ ಗಟ್ಟಿ ಮಾದರಿಗಳು, ಯಾಕೆಂದರೆ ಇವನ್ನು ಯಾರೂ ಅಭಿಮಾನಿಗಳಿಗೆ ಮಾರಲೆಂದು ಬರೆಯಲಿಲ್ಲ.

ಕಂಪನಿಯಲ್ಲೇ ಬೆಳೆದ ಹಲವರಿಗೆ ಶಾಲೆಯ ಮೆಟ್ಟಿಲು ಗೊತ್ತಿರಲಿಲ್ಲ. ಹಾರ್ಮೋನಿಯಂ ಮಾಸ್ತರರೋ ಮ್ಯಾನೇಜರೋ ಅವರ ಪರವಾಗಿ ಹೆಸರು ಬರೆದುಕೊಟ್ಟಿರಬಹುದು. ಇದು ನಕಲಿ ಅಲ್ಲ, ನಟರ ರುಜುವೂ ಅಲ್ಲ. ಒಂದೇ ಕಂಪನಿಯ ಮೂವರು ನಟರ 'ಸಹಿ' ಒಂದೇ ಕೈಬರಹದಲ್ಲಿದ್ದರೆ ಇದೇ ಕಾರಣ ಇರಬಹುದು. ಕೈಲಾಸಂ ವಿಷಯದಲ್ಲಿ ತೊಡಕು ಬೇರೆ. ತಮ್ಮ ನಾಟಕಗಳನ್ನು ಅವರು ಹೇಳುತ್ತಿದ್ದರು, ಬರೆದುಕೊಳ್ಳುತ್ತಿದ್ದವರು ಬೇರೆಯವರು. ಹಾಗಾಗಿ ನಾಟಕದ ಹಸ್ತಪ್ರತಿಯನ್ನೇ ಅವರ ಅಕ್ಷರದ ಮಾದರಿ ಎಂದುಕೊಂಡು ಹೋಲಿಸಲು ಹೋದರೆ ದಾರಿ ತಪ್ಪುತ್ತದೆ.

ಇನಿಷಿಯಲ್ ಗಮನಿಸಿ. ವೀರಣ್ಣನವರು ಗುಬ್ಬಿ ಹಂಪಣ್ಣನವರ ಮಗ, ದಾಖಲೆಗಳಲ್ಲಿ ಜಿ.ಎಚ್. ವೀರಣ್ಣ. ಊರಿನ ಹೆಸರು ಪೂರ್ತಿಯಾಗಿ ಇಲ್ಲವೆಂದು ಒಳ್ಳೆಯ ವಸ್ತುವನ್ನು ಬಿಡಬೇಡಿ. ಮರಾಠಿ ಕಡೆಯ ನಟರಲ್ಲಿ ರಂಗದ ಹೆಸರು ಬೇರೆ, ಮನೆಯ ಹೆಸರು ಬೇರೆ. ಬಾಲಗಂಧರ್ವರ ಹೆಸರು ನಾರಾಯಣ ಶ್ರೀಪಾದ ರಾಜಹಂಸ. ಲಿಪಿ ಕೂಡ ಕನ್ನಡ, ಬಾಳಬೋಧ (ದೇವನಾಗರಿ), ಮೋಡಿ (ಮರಾಠಿಯ ಹಳೆಯ ಓಡುಬರಹ), ಇಂಗ್ಲಿಷ್ ಯಾವುದೂ ಆಗಿರಬಹುದು. ಮೋಡಿ ಓದಲು ಬಾರದಿದ್ದರೆ ಬರುವವರಿಗೆ ತೋರಿಸಿ. ಹಿಂಬದಿಯ ನಾಲ್ಕು ಸಾಲು ಮೋಡಿಯನ್ನು ಓದಿಸದೆ ಬಿಟ್ಟರೆ ಫೋಟೊದ ಅರ್ಧ ಕತೆ ಬಿಟ್ಟಂತೆ.

ಗೆರೆಯ ವೇಗ ಅಕ್ಷರದ ಆಕಾರಕ್ಕಿಂತ ಹೆಚ್ಚು ಹೇಳುತ್ತದೆ. ದಿನಾ ಹಾಕುವ ಸಹಿ ಹಾರಿಕೊಂಡು ಬರುತ್ತದೆ, ಶುರುವಿಗೂ ಕೊನೆಗೂ ಗೆರೆ ಸಣ್ಣಗಾಗುತ್ತದೆ. ನೋಡಿ ಬರೆದ ಸಹಿ ನಿಧಾನ. ನಡುನಡುವೆ ಪೆನ್ನು ನಿಂತ ಕಡೆ ಶಾಯಿ ಚುಕ್ಕಿಯಾಗಿರುತ್ತದೆ, ಕೊನೆ ಮೊಂಡಾಗಿರುತ್ತದೆ. ಇಳಿವಯಸ್ಸಿನ ನಡುಗುವ ಕೈ ಬೇರೆ, ಕಳ್ಳನ ನಡುಗುವ ಕೈ ಬೇರೆ. ಮುದುಕರ ಗೆರೆ ನಡುಗಿದರೂ ನಿಲ್ಲದೆ ಮುಂದೆ ಹೋಗುತ್ತದೆ.

ಚಿತ್ರದಲ್ಲಿ ಇರುವವರು ಯಾರು

ನಾಟಕದ ಫೋಟೊ ಎಂದು ಮಾರಾಟವಾಗುವುದರಲ್ಲಿ ಸಿನಿಮಾದ ಸ್ಟಿಲ್‌ಗಳು ಬಹಳ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರದು. ಇಂದ್ರಜಿತುವಾಗಿ ಸುಬ್ಬಯ್ಯನಾಯ್ಡು, ರಾವಣನಾಗಿ ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬಾ. ನಾಟಕದವರೇ, ನಾಟಕದ ಉಡುಪೇ, ಆದರೆ ಚಿತ್ರೀಕರಣ ಆದದ್ದು ಕೊಲ್ಹಾಪುರದ ಸ್ಟುಡಿಯೊದಲ್ಲಿ. 1954ರ 'ಬೇಡರ ಕಣ್ಣಪ್ಪ'ದ ಕತೆಯೂ ಅಷ್ಟೇ, ಗುಬ್ಬಿ ಕಂಪನಿಯ ನಾಟಕವೂ ಇತ್ತು, ಸಿನಿಮಾವೂ ಬಂತು, ಎರಡರ ಫೋಟೊಗಳೂ ಕಲಬೆರಕೆಯಾಗಿವೆ. ರಂಗದ ಫೋಟೊ ಗುರುತಿಸಲು ನೆಲ ನೋಡಿ. ಪಡದೆಯ ಕೆಳಗಂಚು ನೆಲಕ್ಕೆ ಮುಟ್ಟುವ ಗೆರೆ, ಹಾಸಿದ ಜಮಖಾನ, ಪಕ್ಕದ ವಿಂಗಿನ ಅಂಚು, ಇವೇನಾದರೂ ಚೌಕಟ್ಟಿನೊಳಗೆ ಸಿಕ್ಕಿಬಿದ್ದಿರುತ್ತವೆ. ಸಿನಿಮಾದವರು ಅದನ್ನು ಕಾಣಗೊಡುವುದಿಲ್ಲ.

ಇನ್ನು ಸ್ಟುಡಿಯೊದಲ್ಲಿ ತೆಗೆಸಿಕೊಂಡವು. ಪುರಾಣದ ರಾಜನ ಹಿಂದೆ ವಿಲಾಯತಿ ಕಂಬಸಾಲು, ಹೂಕುಂಡ, ಪಕ್ಕದಲ್ಲಿ ಬಳುಕಿದ ಕಾಲಿನ ಟೀಪಾಯಿ. ಕೃಷ್ಣನ ಕಾಲಲ್ಲಿ ಬಿಳಿ ಕಾಲುಚೀಲ. ನಟರ ಎದೆಯ ಮೇಲಿನ ಪದಕಗಳನ್ನು ಭೂತಗನ್ನಡಿಯಲ್ಲಿ ಬಿಡದೆ ನೋಡಿ. ಊರಿನ ಜನ, ಸಂಘದವರು, ಸಂಸ್ಥಾನಿಕರು ಕೊಟ್ಟ ಚಿನ್ನ ಬೆಳ್ಳಿಯ ಪದಕಗಳನ್ನು ಕೋಟಿಗೆ ಚುಚ್ಚಿಕೊಂಡು ಫೋಟೊ ತೆಗೆಸಿಕೊಳ್ಳುವುದು ಆಗಿನ ಷೋಕಿ. ಒಬ್ಬರದೇ ಎರಡು ಫೋಟೊ ಸಿಕ್ಕಾಗ ಪದಕ ಎಣಿಸಿದರೆ ಯಾವುದು ಮೊದಲಿನದು ಎಂದು ಊಹಿಸಬಹುದು. ಒಮ್ಮೊಮ್ಮೆ ಪದಕದ ಮೇಲಿನ ಇಸವಿಯೇ ಓದಲು ಸಿಗುತ್ತದೆ.

ಕಂಪನಿಯ ಗುಂಪು ಫೋಟೊ ಸಿಕ್ಕರೆ ತೆಳುವಾದ ಬೆಣ್ಣೆಕಾಗದದ ಮೇಲೆ ಆಕೃತಿಗಳ ಹೊರಗೆರೆ ಎಳೆದು ನಂಬರ್ ಕೊಡಿ. ಆ ನಕ್ಷೆಯ ಜೆರಾಕ್ಸ್ ಹಿಡಿದು ಹಳಬರ ಬಳಿ ಹೋಗಿ, ಫೋಟೊದ ಮೇಲೆ ಬೆರಳಿಟ್ಟು ತೋರಿಸುವುದು ತಪ್ಪುತ್ತದೆ. ಕೇಳುವಾಗ 'ಇವರು ವೀರಣ್ಣನವರಲ್ಲವೇ' ಎನ್ನಬೇಡಿ, ಹೌದು ಎಂದುಬಿಡುತ್ತಾರೆ. 'ಇವರು ಯಾರು' ಎಂದಷ್ಟೇ ಕೇಳಿ.

ಎಲ್ಲಿ ಹುಡುಕುವುದು

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಪುಸ್ತಕದವರು, ಭಾನುವಾರದ ಸಂಡೇ ಬಜಾರ್, ಮೈಸೂರು ಹುಬ್ಬಳ್ಳಿಗಳ ಗುಜರಿ ಅಂಗಡಿಗಳು, ಮುಂಬೈಯ ಚೋರ್ ಬಜಾರ್. ಗುಬ್ಬಿ ಕಂಪನಿ ತೆಲುಗು ಸೀಮೆಯಲ್ಲೂ ಆಡಿದ್ದರಿಂದ ಹೈದರಾಬಾದಿನ ಹಳೆಸಾಮಾನಿನವರ ಬಳಿಯೂ ಒಂದು ಕಣ್ಣಿರಲಿ. 'ನಾಟಕದ ಫೋಟೊ ಇದೆಯಾ' ಎಂದು ಕೇಳಿದರೆ ಬೆಲೆ ಏರುತ್ತದೆ ಅಷ್ಟೇ. 'ಹಳೇ ಮನೆ ಆಲ್ಬಂ ಇದೆಯಾ' ಎಂದು ಕೇಳಿ, ಪೂರ್ತಿ ನೋಡಿ. ಆನ್‌ಲೈನ್ ಹರಾಜಿನಲ್ಲಾದರೆ ಬೆನ್ನಿನ ಚಿತ್ರ, ಓರೆ ಬೆಳಕಿನ ಚಿತ್ರ ಎರಡನ್ನೂ ಕೇಳಿ. ಕಳಿಸಲು ಹಿಂದೆಮುಂದೆ ನೋಡುವವರ ಹತ್ತಿರ ಕೊಳ್ಳುವ ಅಗತ್ಯವಿಲ್ಲ. ಬಿಲ್ಲಿನಲ್ಲಿ 'ಅಸಲಿ ಶಾಯಿಯ ಸಹಿ, ಅಲ್ಲದಿದ್ದರೆ ಹಣ ವಾಪಸು' ಎಂದು ಬರೆಸಿಕೊಳ್ಳಿ.

ಬೆಲೆಗೆ ಪಟ್ಟಿ ಎನ್ನುವುದು ಇಲ್ಲ. ನಾನು ಮಾಡುವುದು ಇಷ್ಟು: ರುಜು ಇಲ್ಲವೇ ಇಲ್ಲ ಎಂದುಕೊಂಡು ಆ ಫೋಟೊಗೆ ಎಷ್ಟು ಕೊಡುತ್ತಿದ್ದೆ ಎಂದು ಯೋಚಿಸುತ್ತೇನೆ. ಆಮೇಲೆ ರುಜು ಎಷ್ಟರಮಟ್ಟಿಗೆ ಸಾಬೀತಾಗಿದೆಯೋ ಅಷ್ಟರಮಟ್ಟಿಗೆ ಸೇರಿಸುತ್ತೇನೆ. ಆ ಮೊದಲ ಮೊತ್ತ ಸೊನ್ನೆ ಎನಿಸಿದರೆ ಕೊಳ್ಳುವುದಿಲ್ಲ.

ನಟರ ಮನೆತನದವರ ಬಳಿ ಹೋಗುವುದು ಬೇರೆಯೇ ಕೆಲಸ. ಹಣದ ಮಾತು ಮೊದಲ ಭೇಟಿಯಲ್ಲಿ ಬೇಡ. ಸ್ಕ್ಯಾನ್ ಮಾಡಿ, ಒಂದು ಒಳ್ಳೆಯ ಪ್ರತಿ ಮಾಡಿಸಿ ಅವರಿಗೆ ಕೊಡಿ, ಮೂಲ ಅಲ್ಲೇ ಇರಲಿ. ಅವರಾಗಿ ಮಾರುತ್ತೇವೆ ಅಂದರೆ ಮನೆಯ ಉಳಿದವರಿಗೂ ಗೊತ್ತಿದೆಯೇ ಎಂದು ಕೇಳಿ. ಅಣ್ಣ ಮಾರಿದ್ದನ್ನು ತಮ್ಮ ವಾಪಸು ಕೇಳುವ ಜಗಳದಲ್ಲಿ ಸಿಕ್ಕಿಕೊಂಡ ಸಂಗ್ರಾಹಕರು ಕಡಿಮೆಯಿಲ್ಲ. ಫೋಟೊ ಯಾರ ಮನೆಯಿಂದ, ಯಾವ ದಾರಿಯಲ್ಲಿ ಬಂತು ಎಂಬುದನ್ನು ಕೊಟ್ಟವರ ಕೈಯಲ್ಲೇ ಎರಡು ಸಾಲು ಬರೆಸಿ ಇಟ್ಟುಕೊಳ್ಳಿ. ಮುಂದೆ ಯಾರಾದರೂ ರುಜುವನ್ನು ಪ್ರಶ್ನಿಸಿದಾಗ ಆ ಚೀಟಿಯೇ ಮಾತಾಡುವುದು.

ಗೋಡೆಯಿಂದ ಇಳಿಸುವಾಗ

ನಮ್ಮ ಮನೆಗಳಲ್ಲಿ ಹಿರಿಯರ ಫೋಟೊ ಗೋಡೆ ಏರಿದರೆ ಮುಗಿಯಿತು. ಗಾಜಿಗೆ ಕುಂಕುಮ, ಮೇಲೆ ಹಾರ, ಎದುರಿಗೆ ಕರ್ಪೂರದ ಹೊಗೆ, ಮಳೆಗಾಲದಲ್ಲಿ ಹಿಂದಿನ ಗೋಡೆಯಿಂದ ತೇವ. ಜೆಲಟಿನ್ ತೇವ ಹೀರಿ ಅಂಟಾಗಿ ಗಾಜಿಗೆ ಹತ್ತಿಕೊಂಡಿರುತ್ತದೆ. ಅದನ್ನು ಎಳೆದು ಬಿಡಿಸಬೇಡಿ, ನೀರು ತಾಕಿಸಬೇಡಿ. ಮುಖ ಗಾಜಿನಲ್ಲೇ ಉಳಿದು ಕಾಗದ ಮಾತ್ರ ಕೈಗೆ ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ, ಗಾಜಿನ ಸಮೇತವೇ ಸಂರಕ್ಷಣೆ ಬಲ್ಲವರಿಗೆ ತೋರಿಸಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿರುವ, ಪರಂಪರೆ ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರದಂಥ ಕಡೆ ವಿಚಾರಿಸಬಹುದು.

ಅಂಟಿಕೊಂಡಿಲ್ಲವೆಂದಾದರೆ ಚೌಕಟ್ಟನ್ನು ಬೋರಲು ಹಾಕಿ ಹಿಂದಿನ ಮೊಳೆಗಳನ್ನು ಒಂದೊಂದಾಗಿ ಕೀಳಿ. ರಟ್ಟಿನ ಒಳಗೆ ಧೂಳು ತಡೆಯಲೆಂದು ಮಡಚಿಟ್ಟ ಹಳೆಯ ಪತ್ರಿಕೆಯ ಹಾಳೆ ಸಿಗುತ್ತದೆ. ಕಸವೆಂದು ಎಸೆಯಬೇಡಿ, ಅದರ ತಾರೀಖು ಚೌಕಟ್ಟು ಹಾಕಿಸಿದ ಕಾಲ ಹೇಳುತ್ತದೆ. ಚೌಕಟ್ಟಿನವನ ಚೀಟಿ ಇದ್ದರೆ ಅದನ್ನೂ ಇಡಿ.

ಇಡುವುದು

ಲ್ಯಾಮಿನೇಷನ್ ಬೇಡ. ಈ ಒಂದು ಸಾಲನ್ನು ಮನೆಯವರಿಗೆಲ್ಲ ಹೇಳಿಡಿ, ಪ್ರೀತಿಯಿಂದಲೇ ಹಾಳು ಮಾಡುತ್ತಾರೆ. ಸೆಲ್ಲೋಟೇಪ್ ಬೇಡ, ಅಂಟಿನ ಆಲ್ಬಂ ಬೇಡ, ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ. ನುಸಿಗುಳಿಗೆಯೂ ಬೇಡ. ಆಮ್ಲರಹಿತ ಕಾಗದದ ಲಕೋಟೆ ಅಥವಾ ಪಾಲಿಯೆಸ್ಟರ್ ಕವರ್, ಅದು ರಟ್ಟಿನ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಒಳಗೋಡೆಯ ಪಕ್ಕದ ಬೀರುವಿನಲ್ಲಿ. ಅಟ್ಟ ಬೇಡ, ಹೊರಗೋಡೆಗೆ ತಾಗಿದ ಕಪಾಟು ಬೇಡ. ಗಾಳಿಯ ತೇವ ಶೇಕಡಾ 30ರಿಂದ 50ರೊಳಗೆ ಇದ್ದರೆ ಉತ್ತಮ. ಮಂಗಳೂರು, ಕಾರವಾರದಲ್ಲಿ ಆಷಾಢದ ಹೊತ್ತಿಗೆ ಇದು ಕನಸಿನ ಮಾತು, ಅಲ್ಲಿ ಮುಚ್ಚಳ ಬಿಗಿಯಾದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ, ಅದನ್ನು ಆಗಾಗ ಬಿಸಿಮಾಡಿ ಮತ್ತೆ ಇಡುವುದು ಇದೇ ದಾರಿ. ಮುಟ್ಟುವಾಗ ಅಂಚು ಹಿಡಿಯಿರಿ. ನೋಡುವ ಆಸೆಗೆ ಗೋಡೆ ಮೇಲೆ ಬೇಕೇಬೇಕು ಅನಿಸಿದರೆ ಒಳ್ಳೆಯ ಪ್ರತಿ ತೂಗುಹಾಕಿ, ಹಳೆಯ ಶಾಯಿಗೆ ಬೆಳಕು ಆಗಿಬರುವುದಿಲ್ಲ.

ಸ್ಕ್ಯಾನ್ 600 ಡಿಪಿಐಗೆ ಕಡಿಮೆ ಇಲ್ಲದಂತೆ, ಟಿಫ್ (TIFF) ಕಡತದ ರೂಪದಲ್ಲಿ, ಮುಂದೆ ಹಿಂದೆ ಎರಡೂ. ಸಣ್ಣ ಕಾರ್ಟ್ ದ ವಿಸಿಟ್‌ಗೆ 1200. ಬೆನ್ನಿನ ಮೂಲೆಯಲ್ಲಿ 2ಬಿ ಪೆನ್ಸಿಲ್‌ನಿಂದ ಹಗುರವಾಗಿ ಒಂದು ನಂಬರ್ ಬರೆಯಿರಿ. ಆ ನಂಬರಿಗೆ ಪುಸ್ತಕದಲ್ಲಿ ಅಳತೆ, ಸ್ಟುಡಿಯೊ, ಬರಹದ ಪೂರ್ತಿ ಪಾಠ, ಎಲ್ಲಿಂದ ಬಂತು, ಎಷ್ಟು ಕೊಟ್ಟಿರಿ. ಅನುಮಾನವನ್ನೂ ಬರೆಯಿರಿ: 'ರುಜು ಮ್ಯಾನೇಜರದ್ದಿರಬಹುದು' ಎಂಬ ಒಂದು ಟಿಪ್ಪಣಿ ನಿಮ್ಮ ಮುಂದಿನವರಿಗೆ ಬಹಳ ಉಪಕಾರ.

ಕಾನೂನಿನ ಎರಡು ಮಾತು. ಫೋಟೊ ಕೊಂಡ ಮಾತ್ರಕ್ಕೆ ಅದರ ಕೃತಿಸ್ವಾಮ್ಯ ನಿಮ್ಮದಾಗುವುದಿಲ್ಲ. ಪುಸ್ತಕದಲ್ಲಿ ಅಚ್ಚು ಹಾಕುವ ಮುನ್ನ ತೆಗೆದವರು ಯಾರು, ಹಕ್ಕು ಯಾರದು ಎಂದು ವಿಚಾರಿಸಿ. ಇನ್ನು ಅಮೆರಿಕದಲ್ಲಿರುವ ಮಗನಿಗೋ, ವಿದೇಶದ ಹರಾಜಿಗೋ ಕಳಿಸುವುದಿದ್ದರೆ 1972ರ ಪುರಾವಸ್ತು ಕಾಯಿದೆ ಅಡ್ಡ ಬರಬಹುದು. ನೂರು ವರ್ಷ ದಾಟಿದ ಕಲಾವಸ್ತು, ಎಪ್ಪತ್ತೈದು ವರ್ಷ ದಾಟಿದ ಐತಿಹಾಸಿಕ ಬೆಲೆಯುಳ್ಳ ದಾಖಲೆ ಅದರ ವ್ಯಾಪ್ತಿಗೆ ಬರುತ್ತವೆ, ಖಾಸಗಿಯವರು ಅಂಥದ್ದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ನಿಮ್ಮ ಫೋಟೊ ಆ ವಯಸ್ಸಿನ ಹತ್ತಿರದಲ್ಲಿದ್ದರೆ ಪಾರ್ಸೆಲ್ ಕಟ್ಟುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ತೋರಿಸಿ, ಪುರಾವಸ್ತು ಅಲ್ಲವೆಂಬ ಪ್ರಮಾಣಪತ್ರ ಕೇಳಿ. ಕಸ್ಟಮ್ಸ್‌ನವರು ತಡೆದ ಮೇಲೆ ಓಡಾಡುವುದಕ್ಕಿಂತ ಇದು ಎಷ್ಟೋ ಸುಲಭ. ಬರಿಯ ನೋಡುವ ಆಸೆಗಾದರೆ ಮಗನಿಗೆ ಆ ಟಿಫ್ ಕಳಿಸಿದರೂ ನಡೆಯುತ್ತದೆ.